ಐಪಿ (ಬೌದ್ಧಿಕ ಆಸ್ತಿ) ಕಾನೂನಿನಲ್ಲಿ ಎಲ್‌ಎಲ್‌ಎಂ: ಯಾರಿಗೆ ಎಲ್ಲಿ ಸರಿಹೋಗುತ್ತದೆ?

"ಐಪಿಯಲ್ಲಿ ಎಲ್‌ಎಲ್‌ಎಂ ಮಾಡಬೇಕು, ಯಾವ ಕಾಲೇಜು ಒಳ್ಳೆಯದು?" ಎಲ್‌ಎಲ್‌ಬಿ ಕೊನೆಯ ವರ್ಷದವರು, ಒಂದೆರಡು ವರ್ಷ ಸೀನಿಯರ್ ಹತ್ತಿರ ಜೂನಿಯರ್ ಆಗಿ ಕೆಲಸ ಮಾಡಿದವರು, ಬೆಂಗಳೂರಿನ ಕಂಪನಿಗಳ ಎಂಜಿನಿಯರುಗಳು, ಎಲ್ಲರೂ ಕೇಳುವುದು ಇದನ್ನೇ. ಕಾಲೇಜಿನ ಹೆಸರಿನಿಂದ ಶುರು ಮಾಡಿದರೆ ಉತ್ತರ ಸಿಗುವುದಿಲ್ಲ. ಓದು ಮುಗಿದ ಮೇಲೆ ಯಾವ ಕೆಲಸ ಮಾಡಬೇಕು ಅಂತಿದ್ದೀರಿ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಅಷ್ಟಾದರೆ ಪಟ್ಟಿಯಲ್ಲಿರುವ ಅರ್ಧ ಹೆಸರುಗಳು ತಾವಾಗಿಯೇ ಬಿದ್ದುಹೋಗುತ್ತವೆ.

ಐಪಿ ಅಂದರೆ ಒಂದೇ ಕೆಲಸ ಅಲ್ಲ

ಪೇಟೆಂಟ್ ಅರ್ಜಿ ಬರೆಯುವುದು ಒಂದು ಕೆಲಸ. ಟ್ರೇಡ್‌ಮಾರ್ಕ್ ನೋಂದಣಿ, ಅದರ ತಕರಾರು ನೋಡಿಕೊಳ್ಳುವುದು ಇನ್ನೊಂದು. ಕೋರ್ಟಿನಲ್ಲಿ ದಾವೆ ನಡೆಸುವುದು, ಕಂಪನಿಯೊಳಗೆ ಲೈಸೆನ್ಸ್ ಒಪ್ಪಂದ ನೋಡುವುದು, ಕಾಲೇಜಿನಲ್ಲಿ ಪಾಠ ಮಾಡುವುದು, ಎಲ್ಲವೂ ಬೇರೆ ಬೇರೆ. ಎಲ್‌ಎಲ್‌ಎಂ ಪದವಿಗೆ ಈ ಒಂದೊಂದು ಕಡೆಯೂ ಬೇರೆ ಬೆಲೆ ಇದೆ.

ಪೇಟೆಂಟ್ ಅರ್ಜಿ ಬರೆಯುವ ಕೆಲಸವನ್ನೇ ತಗೊಳ್ಳಿ. ಅಲ್ಲಿ ಬೇಕಾಗಿರುವುದು ಎಲ್‌ಎಲ್‌ಎಂ ಅಲ್ಲ, ಪೇಟೆಂಟ್ ಏಜೆಂಟ್ ನೋಂದಣಿ. 1970ರ ಪೇಟೆಂಟ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅದಕ್ಕೆ ವಿಜ್ಞಾನ, ಎಂಜಿನಿಯರಿಂಗ್ ಅಥವಾ ತಂತ್ರಜ್ಞಾನದ ಪದವಿ ಇರಬೇಕು, 21 ವರ್ಷ ತುಂಬಿರಬೇಕು, ಪರೀಕ್ಷೆ ಪಾಸಾಗಬೇಕು. ಎರಡು ಲಿಖಿತ ಪೇಪರು, ಆಮೇಲೆ ಮೌಖಿಕ ಪರೀಕ್ಷೆ. ಒಂದೊಂದು ಪೇಪರಿನಲ್ಲೂ ಶೇ. 50, ಒಟ್ಟು ಶೇ. 60 ಬರಬೇಕು. ಬಿಎ ಎಲ್‌ಎಲ್‌ಬಿ ಮಾಡಿದವರು ಎಷ್ಟೇ ಒಳ್ಳೆಯ ಐಪಿ ಎಲ್‌ಎಲ್‌ಎಂ ಮಾಡಿದರೂ ಈ ಪರೀಕ್ಷೆಗೆ ಕೂರುವ ಅರ್ಹತೆ ಬರುವುದಿಲ್ಲ. ಇದು ಎಷ್ಟೋ ಜನರಿಗೆ ಗೊತ್ತಾಗುವುದು ಲಕ್ಷಗಟ್ಟಲೆ ಶುಲ್ಕ ಕಟ್ಟಿದ ಮೇಲೆ. ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಇನ್ನೊಂದು ವಿಷಯ: ಈ ಪರೀಕ್ಷೆ ಪ್ರತಿ ವರ್ಷ ತಪ್ಪದೆ ನಡೆಯುತ್ತದೆ ಅಂತ ನಂಬಿಕೊಂಡು ಕೂರಬೇಡಿ. 2018ರಲ್ಲಿ ನಡೆದದ್ದು ಮತ್ತೆ ನಡೆದಿದ್ದು 2023ರಲ್ಲಿ. ಪ್ರಕಟಣೆ ಬಂದ ವರ್ಷವೇ ಬರೆದುಬಿಡಿ.

ವಿಜ್ಞಾನ ಓದದವರಿಗೆ ಬಾಗಿಲು ಮುಚ್ಚಿದೆ ಅಂತ ಅರ್ಥ ಅಲ್ಲ. ಟ್ರೇಡ್‌ಮಾರ್ಕ್, ಕಾಪಿರೈಟ್, ಡಿಸೈನ್, ಜಿಐ (ಊರಿನ ಹೆಸರಿಗೆ ಅಂಟಿದ ಉತ್ಪನ್ನಗಳ ಗುರುತು) ಎಲ್ಲವೂ ನಿಮಗೆ ತೆರೆದಿವೆ. ಕೋರ್ಟಿನಲ್ಲಿ ಪೇಟೆಂಟ್ ಕೇಸನ್ನೂ ವಾದಿಸಬಹುದು, ಅಲ್ಲಿ ಸನ್ನದು ಇದ್ದರೆ ಸಾಕು. 2021ರಲ್ಲಿ ಐಪಿ ಮೇಲ್ಮನವಿ ಮಂಡಳಿ ರದ್ದಾಗಿ ಅದರ ಕೇಸುಗಳೆಲ್ಲ ಹೈಕೋರ್ಟುಗಳಿಗೆ ಬಂದವು. ಅದೇ ವರ್ಷ ದೆಹಲಿ ಹೈಕೋರ್ಟು ಐಪಿಗೆ ಬೇರೆ ವಿಭಾಗ ಮಾಡಿತು, ಆಮೇಲೆ ಮದ್ರಾಸ್ ಹೈಕೋರ್ಟು ಕೂಡ. ಕರ್ನಾಟಕದ ಪೇಟೆಂಟ್ ಅರ್ಜಿಗಳು ಹೋಗುವುದು ಚೆನ್ನೈ ಕಚೇರಿಗೆ, ಟ್ರೇಡ್‌ಮಾರ್ಕ್ ಅರ್ಜಿಗಳೂ ಅಲ್ಲಿಗೇ. ಹಾಗಾಗಿ ವಕೀಲಿಕೆಯೇ ಗುರಿ ಅಂತಾದರೆ ದೆಹಲಿ ಅಥವಾ ಚೆನ್ನೈಯ ಐಪಿ ವಕೀಲರ ಆಫೀಸಿನಲ್ಲಿ ಎರಡು ವರ್ಷ ಕಲಿಯುವುದು ಎಲ್‌ಎಲ್‌ಎಂಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಎಲ್‌ಎಲ್‌ಎಂ ಆಮೇಲೂ ಮಾಡಬಹುದು, ಆಗ ಏನು ಓದಬೇಕು ಅನ್ನುವುದೂ ಸ್ಪಷ್ಟ ಇರುತ್ತದೆ.

ಪಾಠ ಮಾಡಬೇಕು ಅನ್ನುವವರಿಗೆ ಮಾತ್ರ ಎಲ್‌ಎಲ್‌ಎಂ ಇಲ್ಲದೆ ಆಗುವುದೇ ಇಲ್ಲ. ಸ್ನಾತಕೋತ್ತರದಲ್ಲಿ ಶೇ. 55 ಬೇಕು, ಮೀಸಲಾತಿ ವರ್ಗದವರಿಗೆ ಶೇ. 50. ಅದರ ಮೇಲೆ ಅಧ್ಯಾಪಕರ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು.

ದೇಶದೊಳಗೆ: ಒಂದು ವರ್ಷವೋ ಎರಡು ವರ್ಷವೋ

ಬೆಂಗಳೂರಿನ ನಾಗರಬಾವಿಯಲ್ಲಿರುವ ನ್ಯಾಷನಲ್ ಲಾ ಸ್ಕೂಲಿನಿಂದ ಹಿಡಿದು ಹೈದರಾಬಾದಿನ ನಲ್ಸಾರ್, ಕೋಲ್ಕತ್ತದ ಎನ್‌ಯುಜೆಎಸ್‌ವರೆಗೆ ಹೆಚ್ಚಿನ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಎಲ್‌ಎಲ್‌ಎಂ ಒಂದು ವರ್ಷದ್ದು. ಪ್ರವೇಶ ಕ್ಲಾಟ್ ಪಿಜಿ ಎಂಬ ರಾಷ್ಟ್ರಮಟ್ಟದ ಪರೀಕ್ಷೆಯ ಮೂಲಕ. ಈಚಿನ ವರ್ಷಗಳಲ್ಲಿ ಪರೀಕ್ಷೆ ಡಿಸೆಂಬರ್‌ನಲ್ಲಿ ನಡೆಯುತ್ತಿದೆ. 120 ಪ್ರಶ್ನೆ, ಎರಡು ಗಂಟೆ, ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಎಲ್‌ಎಲ್‌ಬಿಯಲ್ಲಿ ಶೇ. 50 ಇರಬೇಕು, ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಅಂಗವಿಕಲರಿಗೆ ಶೇ. 45. ಐಪಿ ಓದಬೇಕು ಅಂತ ಹೊರಟರೂ ಈ ಪರೀಕ್ಷೆಯಲ್ಲಿ ಹೆಚ್ಚು ಭಾರ ಇರುವುದು ಸಂವಿಧಾನಕ್ಕೆ. ತೀರ್ಪಿನ ಒಂದು ತುಣುಕು ಕೊಟ್ಟು ಅದರ ಮೇಲೆ ಪ್ರಶ್ನೆ ಕೇಳುತ್ತಾರೆ. ಕರಾರು ಕಾಯ್ದೆ, ಕಂಪನಿ ಕಾಯ್ದೆ, ಕ್ರಿಮಿನಲ್ ಕಾನೂನು ಎಲ್ಲವೂ ಬರುತ್ತವೆ. ಐಪಿ ಪುಸ್ತಕ ಬದಿಗಿಟ್ಟು ಆರು ತಿಂಗಳು ಇವನ್ನೇ ಓದಬೇಕಾಗುತ್ತದೆ.

ಕರ್ನಾಟಕದವರು ಗಮನಿಸಬೇಕಾದ್ದು ಒಂದಿದೆ. ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಶೇ. 25 ಸಮತಲ ಮೀಸಲಾತಿ (ಪ್ರತಿ ವರ್ಗದ ಸೀಟುಗಳ ಒಳಗೇ ಸಿಗುವ ಪಾಲು) ಇದೆ. ಅರ್ಜಿ ತುಂಬುವಾಗಲೇ ಆ ಕಾಲಂ ಗುರುತು ಮಾಡಬೇಕು. ಶಾಲೆ, ಕಾಲೇಜುಗಳಿಂದ ವ್ಯಾಸಂಗ ಪ್ರಮಾಣಪತ್ರ ತರುವುದಕ್ಕೆ ಸಮಯ ಹಿಡಿಯುತ್ತದೆ. ಊರಿನ ಪ್ರೈಮರಿ ಸ್ಕೂಲಿನ ಮುಖ್ಯೋಪಾಧ್ಯಾಯರ ಸಹಿಗೆ ಬೇಸಿಗೆ ರಜೆಯಲ್ಲಿ ಓಡಾಡುವ ಬದಲು ಶಾಲೆ ನಡೆಯುವಾಗಲೇ ಹೋಗಿ ಬನ್ನಿ.

ಒಂದು ವರ್ಷದ ಓದಿನ ಕೊರತೆ ಏನು ಅಂದರೆ ಐಪಿಯನ್ನು ಆಳವಾಗಿ ಓದುವಷ್ಟು ಜಾಗ ಅದರಲ್ಲಿ ಇರುವುದಿಲ್ಲ. ಕಡ್ಡಾಯ ಪೇಪರುಗಳು, ಪ್ರಬಂಧ, ಅದರ ನಡುವೆ ಐಪಿಗೆ ಉಳಿಯುವುದು ಕೆಲವೇ ಐಚ್ಛಿಕ ಪೇಪರುಗಳು. ಪ್ರಾಸ್ಪೆಕ್ಟಸ್‌ನಲ್ಲಿ ಹತ್ತು ಐಪಿ ಪೇಪರು ಕಂಡರೂ ಎಲ್ಲವೂ ಪ್ರತಿ ವರ್ಷ ನಡೆಯುವುದಿಲ್ಲ. ಈ ವರ್ಷ ನಿಜವಾಗಿ ಯಾವ ಪೇಪರುಗಳು ನಡೆದವು, ಯಾರು ಪಾಠ ಮಾಡಿದರು ಅಂತ ಈಗ ಅಲ್ಲಿ ಓದುತ್ತಿರುವ ಯಾರನ್ನಾದರೂ ಕೇಳಿ. ಇದೊಂದು ವಿಷಯ ತಿಳಿದರೆ ರ್‍ಯಾಂಕಿಂಗ್ ಪಟ್ಟಿ ನೋಡುವ ಅಗತ್ಯವೇ ಬೀಳುವುದಿಲ್ಲ.

ಐಪಿಯನ್ನೇ ಮುಖ್ಯವಾಗಿ ಓದಬೇಕು ಅನ್ನುವವರಿಗೆ ದೇಶದಲ್ಲಿ ಎರಡು ಒಳ್ಳೆಯ ಜಾಗಗಳಿವೆ. ಒಂದು ಐಐಟಿ ಖರಗ್‌ಪುರದ ರಾಜೀವ್ ಗಾಂಧಿ ಬೌದ್ಧಿಕ ಆಸ್ತಿ ಕಾನೂನು ಶಾಲೆ, 2006ರಲ್ಲಿ ಶುರುವಾದದ್ದು. ಎಲ್‌ಎಲ್‌ಎಂ ಅಲ್ಲಿ ಎರಡು ವರ್ಷದ್ದು. ಎಂಜಿನಿಯರಿಂಗ್, ವಿಜ್ಞಾನ, ವೈದ್ಯಕೀಯ ಓದಿದವರಿಗಾಗಿ ಮೂರು ವರ್ಷದ ಎಲ್‌ಎಲ್‌ಬಿಯೂ ಇದೆ. ಕಾನೂನು ಪದವಿ ಇಲ್ಲದ ಎಂಜಿನಿಯರುಗಳು ಎಲ್‌ಎಲ್‌ಎಂ ಹುಡುಕುವ ಮೊದಲು ಈ ಎಲ್‌ಎಲ್‌ಬಿಯನ್ನು ನೋಡಬೇಕು. ಲ್ಯಾಬು, ಸಂಶೋಧಕರು ಪಕ್ಕದ ಕಟ್ಟಡದಲ್ಲೇ ಇರುವ ಕಡೆ ಪೇಟೆಂಟ್ ಕಾನೂನು ಓದುವುದು ಬೇರೆ ಥರದ ಅನುಭವ. ಇನ್ನೊಂದು ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯದ ಐಪಿಆರ್ (ಬೌದ್ಧಿಕ ಆಸ್ತಿ ಹಕ್ಕು) ಅಧ್ಯಯನ ಕೇಂದ್ರ. ಐಪಿಗೇ ಮೀಸಲಾದ ಎಲ್‌ಎಲ್‌ಎಂ ಅಲ್ಲಿದೆ. ಸರ್ಕಾರಿ ವಿಶ್ವವಿದ್ಯಾಲಯವಾದ್ದರಿಂದ ಖರ್ಚೂ ಕಡಿಮೆ. ನಮ್ಮ ಕಡೆಯವರು ಕೊಚ್ಚಿಯ ಹೆಸರನ್ನು ಯೋಚನೆಗೇ ತಗೊಳ್ಳುವುದಿಲ್ಲ, ಮಂಗಳೂರಿನಿಂದ ಒಂದು ರಾತ್ರಿಯ ರೈಲು ಅಷ್ಟೇ.

ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ, ಮೈಸೂರು, ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಐಪಿ ಸಾಮಾನ್ಯವಾಗಿ ವ್ಯಾಪಾರ ಕಾನೂನಿನ ಒಂದು ಭಾಗವಾಗಿ ಬರುತ್ತದೆ. ಊರಿನಲ್ಲಿದ್ದುಕೊಂಡೇ ಓದಬೇಕು, ನೆಟ್ ಬರೆಯಬೇಕು, ಪ್ರಬಂಧವನ್ನು ಐಪಿ ಮೇಲೆ ಬರೆದರೆ ಸಾಕು ಅನ್ನುವವರಿಗೆ ಇದು ಸರಿಯಾದ ಆಯ್ಕೆ. ಇದರಲ್ಲಿ ಕೀಳರಿಮೆ ಪಡುವಂಥದ್ದು ಏನೂ ಇಲ್ಲ.

ಕೆಲಸ ಬಿಡಲು ಆಗದವರಿಗೆ ನ್ಯಾಷನಲ್ ಲಾ ಸ್ಕೂಲಿನ ದೂರಶಿಕ್ಷಣ ವಿಭಾಗದಲ್ಲಿ ಐಪಿಆರ್ ಸ್ನಾತಕೋತ್ತರ ಡಿಪ್ಲೊಮಾ ಇದೆ. ಕಂಪನಿಯ ಎಂಜಿನಿಯರುಗಳಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಡಿಪ್ಲೊಮಾ, ಎಲ್‌ಎಲ್‌ಎಂಗೆ ಸಮ ಅಲ್ಲ.

ಒಂದು ವರ್ಷದ ಎಲ್‌ಎಲ್‌ಎಂ ನಡೆಯುತ್ತದೋ ಇಲ್ಲವೋ ಅನ್ನುವ ಭಯ ಕೆಲವರಿಗೆ ಇನ್ನೂ ಇದೆ. 2020ರಲ್ಲಿ ಭಾರತೀಯ ವಕೀಲರ ಪರಿಷತ್ತು ಅದನ್ನು ನಿಲ್ಲಿಸುವ ನಿಯಮ ತಂದಿತು. ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಕೋರ್ಸುಗಳು ಆಮೇಲೂ ನಡೆಯುತ್ತಾ ಬಂದಿವೆ. ಅದೇ ನಿಯಮ ವಿದೇಶದ ಒಂದು ವರ್ಷದ ಎಲ್‌ಎಲ್‌ಎಂಗೆ ಇಲ್ಲಿ ಸಮಾನ ಮಾನ್ಯತೆ ಕೊಡುವ ವಿಷಯದಲ್ಲೂ ಬಿಗಿಯಾಗಿದೆ. ಹಾಗಾಗಿ ಕರ್ನಾಟಕದಲ್ಲೇ ಅಧ್ಯಾಪಕರಾಗಬೇಕು ಅನ್ನುವವರು ದೇಶದೊಳಗೆ ಓದುವುದು ಕ್ಷೇಮ.

ವಿದೇಶ: ನಾಲ್ಕು ದಾರಿ, ನಾಲ್ಕು ಲೆಕ್ಕ

ಮ್ಯೂನಿಕ್‌ನ ಎಂಐಪಿಎಲ್‌ಸಿಯನ್ನು ಮೊದಲು ಹೇಳುತ್ತೇನೆ, ಯಾಕೆಂದರೆ ನಮ್ಮ ಕಡೆ ಅದರ ಹೆಸರು ಗೊತ್ತಿರುವವರು ಕಡಿಮೆ. ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ, ಆಗ್ಸ್‌ಬರ್ಗ್ ವಿಶ್ವವಿದ್ಯಾಲಯ, ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ, ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿ ಕಟ್ಟಿದ ಕೇಂದ್ರ ಅದು. ಪಾಠ ಪೂರ್ತಿ ಇಂಗ್ಲಿಷಿನಲ್ಲಿ, ಒಂದು ವರ್ಷ, ಐಪಿ ಜೊತೆಗೆ ಸ್ಪರ್ಧಾ ಕಾನೂನು. ಯುರೋಪಿಯನ್ ಪೇಟೆಂಟ್ ಕಚೇರಿಯ ಮುಖ್ಯ ಕಚೇರಿ ಅದೇ ಊರಿನಲ್ಲಿದೆ, ಜರ್ಮನಿಯ ಫೆಡರಲ್ ಪೇಟೆಂಟ್ ಕೋರ್ಟು ಕೂಡ. 2023ರ ಜೂನ್‌ನಲ್ಲಿ ಶುರುವಾದ ಯೂನಿಫೈಡ್ ಪೇಟೆಂಟ್ ಕೋರ್ಟಿನ ಒಂದು ವಿಭಾಗವೂ ಅಲ್ಲೇ ಕೂರುತ್ತದೆ. ಕಾನೂನು ಪದವಿ ಇಲ್ಲದ ಎಂಜಿನಿಯರ್, ವಿಜ್ಞಾನಿ, ಅರ್ಥಶಾಸ್ತ್ರಜ್ಞರನ್ನೂ ತಗೊಳ್ಳುತ್ತಾರೆ. ಒಂದು ವರ್ಷದ ಕೆಲಸದ ಅನುಭವ ಕೇಳುತ್ತಾರೆ, ಆದ್ದರಿಂದ ಕಾಲೇಜು ಮುಗಿಸಿದ ಕೂಡಲೇ ಹೋಗುವ ಜಾಗ ಇದಲ್ಲ. ತರಗತಿ ಚಿಕ್ಕದು, ಹತ್ತಾರು ದೇಶಗಳವರು ಒಟ್ಟಿಗೆ ಕೂರುತ್ತಾರೆ. ಓದಿನ ದೃಷ್ಟಿಯಿಂದ ನಾನು ಮೊದಲ ಸ್ಥಾನ ಕೊಡುವುದು ಇದಕ್ಕೇ. ಕೆಲಸದ ಮಾತು ಬೇರೆ. ಓದಿದ ಮೇಲೆ ಕೆಲಸ ಹುಡುಕಲು 18 ತಿಂಗಳು ಅಲ್ಲಿರಲು ಬಿಡುತ್ತಾರೆ, ಆದರೆ ಜರ್ಮನ್ ಭಾಷೆ ಬಾರದೆ ಕಾನೂನಿನ ಕೆಲಸ ಸಿಗುವುದು ಕಷ್ಟ.

ಅಮೆರಿಕದಲ್ಲಿ ಜಾರ್ಜ್ ವಾಷಿಂಗ್ಟನ್ ಹಳೆಯ ಹೆಸರು. ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕಿಟ್ ಕೋರ್ಟು ಅದು ಇರುವ ವಾಷಿಂಗ್ಟನ್ ಡಿ.ಸಿ.ಯಲ್ಲೇ ಇದೆ. ನ್ಯೂ ಹ್ಯಾಂಪ್‌ಶೈರ್‌ನ ಕಾಂಕರ್ಡ್‌ನಲ್ಲಿರುವ ಫ್ರಾಂಕ್ಲಿನ್ ಪಿಯರ್ಸ್ 1973ರಲ್ಲಿ ಶುರುವಾದ ಶಾಲೆ, ಕಟ್ಟಿದವರು ರಾಬರ್ಟ್ ರೈನ್ಸ್ ಎಂಬ ಸಂಶೋಧಕರು. ಊರು ಚಿಕ್ಕದು, ಇಡೀ ಶಾಲೆಗೆ ಐಪಿಯೇ ಮುಖ್ಯ. ವಕೀಲರಲ್ಲದವರಿಗೂ ಅಲ್ಲಿ ಐಪಿಯಲ್ಲಿ ಮಾಸ್ಟರ್ಸ್ ಪದವಿ ಇದೆ.

ಅಮೆರಿಕಕ್ಕೆ ಹೋಗುವವರಲ್ಲಿ ಬಹಳ ಜನರ ಮನಸ್ಸಿನಲ್ಲಿ ನ್ಯೂಯಾರ್ಕ್ ಬಾರ್ ಪರೀಕ್ಷೆ, ಅಂದರೆ ಅಲ್ಲಿ ವಕೀಲರಾಗಲು ಬರೆಯಬೇಕಾದ ಪರೀಕ್ಷೆ, ಇರುತ್ತದೆ. ಇಲ್ಲೊಂದು ಲೆಕ್ಕ ಕೂತು ಮಾಡಬೇಕು. ಎಲ್‌ಎಲ್‌ಎಂ ಆಧಾರದ ಮೇಲೆ ಆ ಪರೀಕ್ಷೆಗೆ ಕೂರಲು 24 ಕ್ರೆಡಿಟ್ ಬೇಕು. ಅದರಲ್ಲಿ ವೃತ್ತಿ ನೀತಿಗೆ 2, ಕಾನೂನು ಸಂಶೋಧನೆ ಮತ್ತು ಬರವಣಿಗೆಗೆ 2, ಅಮೆರಿಕದ ಕಾನೂನು ವ್ಯವಸ್ಥೆಗೆ 2, ಬಾರ್ ಪರೀಕ್ಷೆಯಲ್ಲಿ ಬರುವ ವಿಷಯಗಳಿಗೆ 6. ಅಲ್ಲಿಗೆ 12 ಹೋಯಿತು. ಐಪಿಗೆ ಉಳಿಯುವುದು ಅರ್ಧ ಮಾತ್ರ. ಐಪಿ ಪೇಪರುಗಳನ್ನೇ ತುಂಬಿಸಿಕೊಂಡರೆ ಪದವಿ ಬರುತ್ತದೆ, ಬಾರ್ ಅರ್ಹತೆ ಬರುವುದಿಲ್ಲ. ತರಗತಿಯಲ್ಲೇ ಕೂತು ಓದಿರಬೇಕು, ಆನ್‌ಲೈನ್ ಎಲ್‌ಎಲ್‌ಎಂ ನಡೆಯುವುದಿಲ್ಲ. ನಿಮ್ಮ ಭಾರತೀಯ ಪದವಿಗೆ ಅಲ್ಲಿ ಎಷ್ಟು ಬೆಲೆ ಅಂತ ನ್ಯೂಯಾರ್ಕ್ ಬಾರ್ ಮಂಡಳಿಯಿಂದ ಮೊದಲೇ ಪರಿಶೀಲನೆ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳಿ. ಕ್ಯಾಲಿಫೋರ್ನಿಯಾದಲ್ಲಿ ಬೇರೆ ದೇಶದ ಸನ್ನದು ಇರುವ ವಕೀಲರು ಎಲ್‌ಎಲ್‌ಎಂ ಇಲ್ಲದೆಯೂ ಬಾರ್ ಪರೀಕ್ಷೆಗೆ ಕೂರಬಹುದು. ಅಮೆರಿಕದ ಪೇಟೆಂಟ್ ಕಚೇರಿಯ ಪರೀಕ್ಷೆ ಮತ್ತೆ ಬೇರೆ, ಅದಕ್ಕೂ ವಿಜ್ಞಾನದ ಹಿನ್ನೆಲೆ ಬೇಕು.

ಲಂಡನ್‌ನ ಕ್ವೀನ್ ಮೇರಿ ವಿಶ್ವವಿದ್ಯಾಲಯ ಬ್ರಿಟನ್ನಿನಲ್ಲಿ ಐಪಿಗೆ ಹೆಸರಾದ ಜಾಗ. ಎಲ್‌ಎಲ್‌ಎಂ ಜೊತೆಗೆ ವಿಜ್ಞಾನ ಓದಿದವರಿಗೆ ಐಪಿ ನಿರ್ವಹಣೆಯ ಎಂಎಸ್ಸಿಯೂ ಇದೆ. ಕಾಪಿರೈಟ್, ಟ್ರೇಡ್‌ಮಾರ್ಕ್ ಓದಬೇಕು ಅನ್ನುವವರಿಗೆ ಲಂಡನ್ ಚೆನ್ನಾಗಿ ಒಗ್ಗುತ್ತದೆ, ಅಲ್ಲಿನ ತೀರ್ಪುಗಳನ್ನು ನಮ್ಮ ಕೋರ್ಟುಗಳು ಇವತ್ತಿಗೂ ಉಲ್ಲೇಖಿಸುತ್ತವೆ. ಆದರೆ ಅಲ್ಲಿ ಸಾಲಿಸಿಟರ್ ಆಗುವುದಕ್ಕೆ ಎಲ್‌ಎಲ್‌ಎಂ ಬೇಕಿಲ್ಲ, ಬೇಕಾಗಿರುವುದು ಎಸ್‌ಕ್ಯೂಇ ಪರೀಕ್ಷೆ. ಅದಕ್ಕೆ ಮಾತ್ರ ಹೋಗುವುದಾದರೆ ಎಲ್‌ಎಲ್‌ಎಂ ಶುಲ್ಕ ಸುಮ್ನೆ ದಂಡ.

ಇಟಲಿಯ ಟುರಿನ್ ವಿಶ್ವವಿದ್ಯಾಲಯ ವೈಪೊ (ವಿಶ್ವಸಂಸ್ಥೆಯ ಬೌದ್ಧಿಕ ಆಸ್ತಿ ಸಂಸ್ಥೆ) ಜೊತೆ ಸೇರಿ ನಡೆಸುವ ಎಲ್‌ಎಲ್‌ಎಂ ಅನ್ನೂ ನೋಡಿ. ಒಂದಷ್ಟು ಭಾಗ ಮನೆಯಿಂದಲೇ, ಉಳಿದ ಭಾಗಕ್ಕೆ ಕೆಲವು ತಿಂಗಳು ಟುರಿನ್‌ಗೆ. ಕೆಲಸದಲ್ಲಿ ಇರುವವರಿಗೆ, ಸರ್ಕಾರಿ ನೌಕರರಿಗೆ ಅನುಕೂಲ.

ದುಡ್ಡಿನ ಮಾತು

ಅಮೆರಿಕದ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕವೇ 60 ಸಾವಿರ ಡಾಲರ್ ದಾಟುತ್ತದೆ. ಬಾಡಿಗೆ, ಊಟ, ವಿಮೆ ಬೇರೆ. ಓದಿದ ಮೇಲೆ ಕೆಲಸ ಮಾಡಲು ಸಿಗುವುದು 12 ತಿಂಗಳ ಒಪಿಟಿ ಎಂಬ ಅನುಮತಿ. ಎಂಜಿನಿಯರಿಂಗ್ ಓದಿದವರಿಗೆ ಸಿಗುವ ಹೆಚ್ಚುವರಿ ಅವಧಿ ಎಲ್‌ಎಲ್‌ಎಂನವರಿಗೆ ಇಲ್ಲ. ಸಾಲ ಮಾಡಿ ಹೋಗಿ ಅಲ್ಲೇ ದುಡಿದು ತೀರಿಸುತ್ತೇನೆ ಅನ್ನುವ ಲೆಕ್ಕ ಈ 12 ತಿಂಗಳ ಮೇಲೆ ನಿಂತಿದೆ. ಮನೆ ಪತ್ರ ಒತ್ತೆಯಿಟ್ಟು ಹೋಗುವ ಮುನ್ನ ಅಪ್ಪ ಅಮ್ಮನ ಜೊತೆ ಕೂತು ಈ ಮಾತನ್ನು ಬಿಡಿಸಿ ಹೇಳಿ, ದಯವಿಟ್ಟು. ಅವರಿಗೆ ವಿದೇಶದ ಪದವಿ ಅಂದರೆ ವಿದೇಶದ ಕೆಲಸ ಅಂತಲೇ ಅನಿಸಿರುತ್ತದೆ.

ಜರ್ಮನಿಗೆ ವೀಸಾ ಸಿಗಬೇಕಾದರೆ ಒಂದು ವರ್ಷದ ಖರ್ಚಿಗೆ ಅಂತ 11,904 ಯುರೋ ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ಅದು ನಿಮ್ಮದೇ ದುಡ್ಡು, ತಿಂಗಳು ತಿಂಗಳು ವಾಪಸ್ ಬರುತ್ತದೆ, ಆದರೆ ಮೊದಲು ಹೊಂದಿಸಬೇಕಲ್ಲ.

ವಿದ್ಯಾರ್ಥಿವೇತನಗಳಲ್ಲಿ ಬ್ರಿಟನ್ನಿನ ಚೀವ್ನಿಂಗ್ ಪೂರ್ತಿ ಖರ್ಚು ಕೊಡುತ್ತದೆ. ಎರಡು ವರ್ಷದ ಅನುಭವ ಬೇಕು, ಓದಿದ ಮೇಲೆ ಎರಡು ವರ್ಷ ಸ್ವದೇಶದಲ್ಲಿ ಇರಬೇಕು. ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೃಷಿ ಕಾರ್ಮಿಕರ ಮತ್ತು ಕುಶಲಕರ್ಮಿಗಳ ಮಕ್ಕಳಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷ ಮೀರಬಾರದು, ಪದವಿಯಲ್ಲಿ ಶೇ. 60 ಇರಬೇಕು, ವಯಸ್ಸು 35ರ ಒಳಗೆ. ಜೆ.ಎನ್. ಟಾಟಾ ಎಂಡೋಮೆಂಟ್ ಕಡಿಮೆ ಹೊರೆಯ, ಸಾಲದ ರೂಪದ ವಿದ್ಯಾರ್ಥಿವೇತನ ಕೊಡುತ್ತದೆ. ಪ್ರವೇಶ ಸಿಗುವವರೆಗೂ ಕಾಯಬೇಡಿ, ಇವುಗಳ ಕೊನೆಯ ದಿನಾಂಕ ಬಹಳ ಸಲ ಪ್ರವೇಶಕ್ಕಿಂತ ಮೊದಲೇ ಮುಗಿದಿರುತ್ತದೆ.

ಅರ್ಜಿಯಲ್ಲಿ ಗೆಲ್ಲುವುದು, ಸೋಲುವುದು ಎಲ್ಲಿ

ದೇಶದೊಳಗೆ ರ್‍ಯಾಂಕೇ ಎಲ್ಲ. ವಿದೇಶದಲ್ಲಿ ಎಸ್‌ಒಪಿ (ಯಾಕೆ ಓದಬೇಕು ಅಂತ ನೀವೇ ಬರೆಯುವ ಪತ್ರ) ಮುಖ್ಯ. ಬಹಳ ಜನ ಕ್ಯಾನ್ಸರ್ ಔಷಧಿಗೆ ಪೇಟೆಂಟ್ ನಿರಾಕರಿಸಿದ 2013ರ ನೊವಾರ್ಟಿಸ್ ತೀರ್ಪು, ಪೇಟೆಂಟ್ ಕಾಯ್ದೆಯ 3(ಡಿ) ಸೆಕ್ಷನ್ ಅಂತ ಶುರು ಮಾಡುತ್ತಾರೆ. ಅದು ದೊಡ್ಡ ತೀರ್ಪು ನಿಜ, ಆದರೆ ಭಾರತದಿಂದ ಬರುವ ಅರ್ಜಿ ಓದುವವರು ಅದನ್ನು ಅದೆಷ್ಟು ಸಲ ಓದಿರುತ್ತಾರೋ. ನಿಮ್ಮ ಸುತ್ತ ಇರುವುದನ್ನು ನೋಡಿ. ನೀವು ಚನ್ನಪಟ್ಟಣದ ಕಡೆಯವರು ಅಂದುಕೊಳ್ಳೋಣ. ಅಲ್ಲಿನ ಬೊಂಬೆಗೆ ಜಿಐ ಇದೆ. 1999ರ ಜಿಐ ಕಾಯ್ದೆ ಪ್ರಕಾರ ಹೆಸರು ನೋಂದಣಿಯಾದರೆ ಸಾಲದು, ಒಬ್ಬೊಬ್ಬ ತಯಾರಕರೂ ಅಧಿಕೃತ ಬಳಕೆದಾರರಾಗಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು. ಹಾಗಾದರೆ ನೋಂದಣಿ ಮಾಡಿಸದ ಕುಶಲಕರ್ಮಿ ನಕಲಿ ಬೊಂಬೆ ಮಾರುವವರ ಮೇಲೆ ಏನು ಮಾಡಬಲ್ಲ? ನಾಲ್ಕು ಮನೆಗೆ ಹೋಗಿ ಕೇಳಿ, ಸಿಕ್ಕ ಉತ್ತರ ಬರೆಯಿರಿ. "ನನಗೆ ಚಿಕ್ಕಂದಿನಿಂದ ಕಾನೂನಿನಲ್ಲಿ ಆಸಕ್ತಿ" ಎಂಬ ಇಡೀ ಪುಟಕ್ಕಿಂತ ಈ ಒಂದು ಪ್ಯಾರಾ ತೂಕದ್ದು. ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಿ, ಇಳಕಲ್ ಸೀರೆಯ ನೇಕಾರ, ಬೆಂಗಳೂರಿನ ಸ್ಟಾರ್ಟ್‌ಅಪ್‌ನ ಕೋಡರ್, ಯಾರ ಸಮಸ್ಯೆಯಾದರೂ ಆಗಬಹುದು. ನೀವು ಕಣ್ಣಾರೆ ಕಂಡದ್ದಾಗಿರಬೇಕು ಅಷ್ಟೇ.

ಶಿಫಾರಸು ಪತ್ರವನ್ನು ದೊಡ್ಡ ಹೆಸರಿನವರಿಂದ ಬರೆಸುವ ಆಸೆ ಬಿಡಿ. ನಿಮ್ಮ ಪ್ರಬಂಧ ತಿದ್ದಿದ ಉಪನ್ಯಾಸಕರು, ನಿಮ್ಮ ಡ್ರಾಫ್ಟ್ ನೋಡಿದ ಸೀನಿಯರ್ ಬರೆದರೆ ಅದರಲ್ಲಿ ಜೀವ ಇರುತ್ತದೆ. ಟ್ರಾನ್ಸ್‌ಕ್ರಿಪ್ಟ್ ಕೆಲಸಕ್ಕೆ ಎಲ್ಲಕ್ಕಿಂತ ಮೊದಲು ಕೈ ಹಾಕಿ. ಅಮೆರಿಕದ ಹಲವು ಶಾಲೆಗಳು ಎಲ್‌ಸ್ಯಾಕ್ ಎಂಬ ಅಲ್ಲಿನ ಪ್ರವೇಶ ಸಂಸ್ಥೆಯ ಮೂಲಕ ಕೇಳುತ್ತವೆ, ಅದು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಹೋಗಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಹೆಸರಿನ ಇನಿಷಿಯಲ್ ಒಂದು ಥರ, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಥರ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ನಮ್ಮಲ್ಲಿ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬರುವುದರಿಂದ ಈ ತೊಂದರೆ ಜಾಸ್ತಿ.

ಈ ವಿಷಯ ನನಗೆ ನಿಜವಾಗಿ ಹಿಡಿಸುತ್ತದೋ ಇಲ್ಲವೋ ಅನ್ನುವ ಅನುಮಾನ ಇದ್ದರೆ ವೈಪೊ ಅಕಾಡೆಮಿಯ ಡಿಎಲ್-101 ಕೋರ್ಸು ಮಾಡಿ ನೋಡಿ. ಉಚಿತ, ಮನೆಯಿಂದಲೇ ಮಾಡಬಹುದು. ಅದು ಮುಗಿದ ಮೇಲೂ ಪೇಟೆಂಟ್ ಬೇಕೋ ಕಾಪಿರೈಟ್ ಬೇಕೋ ಅಂತ ಹೇಳಲು ಆಗದಿದ್ದರೆ ಅರ್ಜಿಯನ್ನು ಒಂದು ವರ್ಷ ಮುಂದೆ ಹಾಕಿ, ಐಪಿ ವಕೀಲರ ಆಫೀಸಿನಲ್ಲಿ ಕೆಲಸಕ್ಕೆ ಸೇರಿ.

ಎರಡು ಕಡೆ ಸೀಟು ಸಿಕ್ಕಿದರೆ ಒಂದು ಕಡೆ ಡೆಪಾಸಿಟ್ ಕಟ್ಟುವ ಮುನ್ನ ಇನ್ನೊಂದು ಕಡೆಗೆ ಇಮೇಲ್ ಬರೆಯಿರಿ. ಸಿಕ್ಕಿರುವ ವಿದ್ಯಾರ್ಥಿವೇತನದ ಪತ್ರ ಲಗತ್ತಿಸಿ, ಶುಲ್ಕ ಇನ್ನಷ್ಟು ಕಡಿಮೆ ಮಾಡಲು ಸಾಧ್ಯವೇ ಅಂತ ಕೇಳಿ. ನಮ್ಮವರು ಸಂಕೋಚದಿಂದ ಇದನ್ನು ಕೇಳುವುದೇ ಇಲ್ಲ. ಅಮೆರಿಕದ ಶಾಲೆಗಳಲ್ಲಿ ಇದು ಮಾಮೂಲಿ, ಕೇಳಿದ್ದಕ್ಕೆ ಯಾರೂ ಸೀಟು ವಾಪಸ್ ತಗೊಳ್ಳುವುದಿಲ್ಲ.